ಕಾಯಿಲೆಯವರ ಹೆಸರು ಮಾರುವವರು

ಕ್ಲಿಯೋಥಾ ಆಸ್ಪತ್ರೆಯಿಂದ ಮನೆಗೆ ಬಂದು ವಾರ ತುಂಬಿರಲಿಲ್ಲ, ಅಷ್ಟರಲ್ಲೇ ಅವನ ಹೆಂಡತಿ ಲೂವರ್ನ್‌ಗೆ ಫೋನಿನ ಕಾಟ ಸಾಕುಸಾಕಾಗಿತ್ತು. ಹೃದಯದ ಕಾಯಿಲೆಯಿಂದ ಸೋತ ಗಂಡ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಒಂದಿಷ್ಟು ಕಣ್ಣು ಮುಚ್ಚುತ್ತಾನೆ ಎನ್ನುವಾಗಲೇ ಅದು ಹೊಡೆದುಕೊಳ್ಳುತ್ತಿತ್ತು. ಒಬ್ಬಳು ಸರ್ಕಾರದ ಕಡೆಯವಳಂತೆ ಮಾತಾಡಿದಳು. ಇನ್ನೊಬ್ಬ ಮಣ್ಣು ಮಾಡುವ ಖರ್ಚನ್ನೆಲ್ಲ ತಾನೇ ಕೊಡಿಸುತ್ತೇನೆ ಅಂದ. ಬದುಕಿರುವವನ ಮನೆಗೆ ಹೀಗೆ ಸಾವಿನ ಮಾತು ಹೊತ್ತು ತರುವವರಿಗೆ ನಾಲಿಗೆಯಾದರೂ ಹೇಗೆ ಏಳುತ್ತದೋ!

ಬುಧವಾರ ಮಧ್ಯಾಹ್ನ ಓಜೆಲ್ಲಾ ಒಂದು ಪಾತ್ರೆ ಬೇಯಿಸಿದ ಬಟರ್‌ಬೀನ್ಸ್ ಕಾಳು, ಒಂದು ತುಂಡು ಮೆಕ್ಕೆಜೋಳದ ಬ್ರೆಡ್ಡು ಹಿಡಿದುಕೊಂಡು ಬಂದಳು. ಇವಳೂ ಲೂವರ್ನ್‌ಳೂ ಒಂದು ಕಾಲದಲ್ಲಿ ಮೀನಿನ ಕಾರ್ಖಾನೆಯಲ್ಲಿ ಅಕ್ಕಪಕ್ಕ ನಿಂತು ಮೀನು ಸೀಳಿದವರು. ಈಗ ಓಜೆಲ್ಲಾ ಮೌಂಟ್ ನೀಬೋ ಚರ್ಚಿನ ಗುಮಾಸ್ತೆ, ಅಲ್ಲಿಯವರ ಬಾಯಲ್ಲಿ 'ಸಿಸ್ಟರ್'. ಬಾಯಿ ಸ್ವಲ್ಪ ಜೋರು, ಮನಸ್ಸು ಒಳ್ಳೆಯದು.

"ಫೋನ್ ಕಿತ್ತು ಬಿಸಾಕೇ ಆಚೆಗೆ," ಅಂದಳು ಓಜೆಲ್ಲಾ.

"ಎಲ್ಲರೂ ಕೆಟ್ಟೋರಲ್ಲ ಕಣೇ. ಒಬ್ಬ ಹುಡುಗ ಎಷ್ಟು ಮರ್ಯಾದೆಯಿಂದ ಮಾತಾಡಿದ ಗೊತ್ತಾ? ಬ್ರೆಂಟ್ ಅಂತ ಹೆಸರು. ನಾಳೆ ಮನೆಗೇ ಬರ್ತಾನೆ. ಹತ್ತು ಸಾವಿರ ಡಾಲರಿನ ಜೀವವಿಮೆ ಪಾಲಿಸಿ, ಡಾಕ್ಟರ್ ಸರ್ಟಿಫಿಕೇಟ್ ಬೇಡ, ಕಾಯಿಲೆ ಏನು ಅಂತಾನೂ ಕೇಳಲ್ಲ. ಈಗಿರೋದಕ್ಕಿಂತ ದೊಡ್ಡದು, ಕಂತು ಮಾತ್ರ ಕಮ್ಮಿ."

"ನಿಮ್ಮ ಹಳೇ ಪಾಲಿಸಿ ಇದೆಯಲ್ಲೇ? ಕ್ಲಿಯೋಥಾ ಮರದ ಮಿಲ್ಲಿಗೆ ಹೋಗ್ತಿದ್ದಾಗಿಂದ ಕಟ್ತಿದೀರ."

"ಅದನ್ನ ನಿಲ್ಲಿಸಿಬಿಡಿ, ಎರಡೆರಡು ಕಂತು ಯಾಕೆ ಕಟ್ತೀರ ಅಂದ. ಸರಿ ತಾನೇ ಅವನು ಹೇಳಿದ್ದು?"

ಓಜೆಲ್ಲಾಗೆ ಏನೋ ಸರಿ ಕಾಣಲಿಲ್ಲ. "ಅಲ್ವೇ, ಕ್ಲಿಯೋಥಾಗೆ ಹುಷಾರಿಲ್ಲ ಅಂತ ಅವನಿಗೆ ಹೇಗೆ ಗೊತ್ತಾಯ್ತು?"

ಲೂವರ್ನ್ ನಕ್ಕುಬಿಟ್ಟಳು. "ಇನ್ನು ಯಾರಿಂದ? ನಿನ್ನಿಂದಾನೇ! 'ಓಜೆಲ್ಲಾ ಸಿಸ್ಟರ್ ನಿಮ್ಮ ವಿಷಯ ಹೇಳಿದ್ರು' ಅಂದ. ಅದಕ್ಕೇ ಕಣೇ ನಾನು ಬಾ ಅಂದಿದ್ದು."

"ನಾನಾ? ಅವನ ಮುಖ ಸುಡ! ಅವನ್ಯಾರು ಅಂತಾನೇ ನನಗೆ ಗೊತ್ತಿಲ್ಲ!"

"ಮರೆವು ಬಂದಿರ್ಬೇಕು ನಿನಗೆ. ಇಲ್ಲಾಂದ್ರೆ ಹೊಟ್ಟೆಕಿಚ್ಚು. ನಿನಗೆ ಹತ್ತು ಸಾವಿರದ ಪಾಲಿಸಿ ಇಲ್ವಲ್ಲ!"

ಹೊಟ್ಟೆಕಿಚ್ಚಂತೆ! ಓಜೆಲ್ಲಾಗೆ ಪಿತ್ತ ನೆತ್ತಿಗೇರಿತು. ಅವಳು ಪಾತ್ರೆಯನ್ನು ಅಲ್ಲೇ ಕುಕ್ಕಿ ಹೊರಟಳು. ತನ್ನ ಹೆಸರು ಹೇಳಿಕೊಂಡು ತನ್ನ ಗೆಳತಿಯ ಮನೆಗೆ ನುಗ್ಗುವ ಈ ಬ್ರೆಂಟ್ ಯಾರೆಂದು ತಿಳಿಯದೆ ಅವಳಿಗೆ ಊಟ ಸೇರುವಂತಿರಲಿಲ್ಲ.

ನೆಟ್ಟಗೆ ಹೋದದ್ದು ಮಿಸ್ ಅರ್ನೆಸ್ಟೀನ್ ಹತ್ತಿರ. ನಮ್ಮ ಚರ್ಚಿನವರಲ್ಲಿ ಯಾರೇ ತೀರಿಕೊಂಡರೂ ಮೀಯಿಸಿ, ಬಟ್ಟೆ ತೊಡಿಸಿ, ಪೆಟ್ಟಿಗೆಯಲ್ಲಿ ಮಲಗಿಸಿ, ಮರ್ಯಾದೆಯಿಂದ ಮಣ್ಣು ಮಾಡಿಸುವುದು ಅವರೇ. ಅಪ್ಪನ ಕಾಲದಿಂದ ಬಂದ ಶವಸಂಸ್ಕಾರದ ಸಂಸ್ಥೆ, ಹೆಣ ಒಯ್ಯುವ ಕಪ್ಪು ಕಾರು, ದೊಡ್ಡ ಮನೆ. ಯಾವ ಪಾಲಿಸಿ ಹೇಳಿದಷ್ಟು ಕೊಡುತ್ತದೆ, ಯಾವುದು ಕೈ ಎತ್ತುತ್ತದೆ ಎಂಬುದನ್ನು ಊರಿಗಿಂತ ಮೊದಲು ಕಾಣುವವರು ಅವರು.

ಓಜೆಲ್ಲಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮಿಸ್ ಅರ್ನೆಸ್ಟೀನ್ ಕನ್ನಡಕ ತೆಗೆದಿಟ್ಟರು.

"ಕೂತ್ಕೋ ಓಜೆಲ್ಲಾ. ಇದಕ್ಕೆ 'ಲೀಡ್' ಅಂತಾರೆ. ಇಂಥ ಮನೇಲಿ ವಯಸ್ಸಾದವರಿದ್ದಾರೆ, ಕಾಯಿಲೆ ಇದೆ, ಸಾವಿನ ಹೆದರಿಕೆ ಇದೆ. ಅಷ್ಟು ಗೊತ್ತಾದ್ರೆ ಅದೊಂದು ಲೀಡ್. ಒಬ್ಬ ಹೆಸರು ಸೇರಿಸ್ತಾನೆ, ಏಜೆಂಟರು ದುಡ್ಡು ಕೊಟ್ಟು ತಗೋತಾರೆ. ಹೆಸರು ಹೊಸದಿದ್ರೆ ರೇಟು ಜಾಸ್ತಿ. ಹಳೇದಾದ್ರೆ ಅದನ್ನೇ ಕಮ್ಮಿ ರೇಟಿಗೆ ಇನ್ನಷ್ಟು ಜನಕ್ಕೆ ಮಾರ್ತಾರೆ."

"ನಾವೇನು ಸಂತೆ ಕೋಳಿಗಳಾ?"

"ಅವರ ಕಣ್ಣಿಗೆ ಅದೇ. ಸರ್ಕಾರದ ಕಾಗದದ ಥರ ಒಂದು ಕಾರ್ಡು ಟಪಾಲಲ್ಲಿ ಬರುತ್ತೆ, 'ನಿಮ್ಮ ವಯಸ್ಸು, ಫೋನ್ ಬರೆದು ಕಳಿಸಿ, ಸವಲತ್ತು ಸಿಗುತ್ತೆ' ಅಂತ. ಕಳಿಸಿದ್ರೆ ನೀನೊಂದು ಲೀಡ್. ಮೇಳದಲ್ಲಿ ಹಂದಿ ಮಾಂಸ ಬಹುಮಾನ ಅಂತ ಹೆಸರು, ಫೋನ್ ಬರೆದ ಚೀಟಿ ಹಾಕಿಸ್ತಾರೆ, ಅದೂ ಲೀಡ್."

"ಲೂವರ್ನ್ ಅಂಥದ್ದೇನೂ ಮಾಡಿಲ್ಲ. ಮತ್ತೆ ನನ್ನ ಹೆಸರು ಹೇಗೆ ಸಿಕ್ತು?"

ಮಿಸ್ ಅರ್ನೆಸ್ಟೀನ್ ಅವಳನ್ನೇ ನೋಡಿದರು. "ಭಾನುವಾರದ ಆರಾಧನೆ ನಮ್ಮೂರ ರೇಡಿಯೋದಲ್ಲಿ ಬರುತ್ತೆ ತಾನೇ? ಪಾದ್ರಿಗಳು 'ಈಗ ಸಿಸ್ಟರ್ ಓಜೆಲ್ಲಾ ಅವರಿಂದ ಪ್ರಕಟಣೆ' ಅಂತಾರೆ. ಆಮೇಲೆ ಒಂದು ಚೆಂದದ ದನಿ, ಯಾರ್ಯಾರಿಗೆ ಹುಷಾರಿಲ್ಲ, ಯಾರು ಆಸ್ಪತ್ರೆಯಿಂದ ಬಂದ್ರು, ಮನೆ ಯಾವ ರಸ್ತೇಲಿದೆ, ಎಲ್ಲಾ ಓದುತ್ತೆ. ನಾನೂ ಕೇಳ್ತೀನಿ. ಹೆಸರು, ರಸ್ತೆ ಸಿಕ್ಕಿದ್ರೆ ಫೋನ್ ನಂಬರ್ ಹುಡುಕೋದು ಎಷ್ಟು ಹೊತ್ತಿನ ಕೆಲಸ?"

ಆ ದನಿ ಓಜೆಲ್ಲಾಳದೇ. ಕಾಯಿಲೆಯವರ ಮನೆಗೆ ಊಟ ಹೋಗಲಿ, ನಾಲ್ಕು ಜನ ಬಂದು ಪ್ರಾರ್ಥನೆ ಮಾಡಲಿ ಎಂದು ನಮ್ಮ ಚರ್ಚುಗಳಲ್ಲಿ ಅಜ್ಜಿಯರ ಕಾಲದಿಂದ ಹೀಗೆ ಹೆಸರು ಓದುತ್ತಾರೆ. ಅಕ್ಕರೆಯಿಂದ ಓದಿದ್ದನ್ನು ಯಾವನೋ ಕಾರಿನಲ್ಲಿ ಕುಳಿತು ರೇಡಿಯೋ ಕೇಳಿ ಬರೆದುಕೊಂಡು ಮಾರಿದ್ದ! ಮೈಯೆಲ್ಲ ಉರಿದುಹೋಯಿತು ಅವಳಿಗೆ. ಅವನ ಮೇಲೆ ಉರಿ, ತನ್ನ ಮೇಲೂ ಉರಿ.

"ಅದಿರಲಿ, ಮುಖ್ಯವಾದ್ದು ಕೇಳು," ಅಂದರು ಮಿಸ್ ಅರ್ನೆಸ್ಟೀನ್. "ಕಾಯಿಲೆ ಕೇಳದೆ ಕೊಡೋ ಪಾಲಿಸೀಲಿ ಸಾಮಾನ್ಯವಾಗಿ ಮೊದಲ ಎರಡು ವರ್ಷ ಪೂರ್ತಿ ದುಡ್ಡು ಇರಲ್ಲ. ಅಷ್ಟರೊಳಗೆ ಕಾಯಿಲೆಯಿಂದ ಹೋದ್ರೆ ಕಟ್ಟಿದ ಕಂತಿಗೇ ಸ್ವಲ್ಪ ಸೇರಿಸಿ ವಾಪಸ್ ಕೊಡ್ತಾರೆ, ಅಷ್ಟೇ. ಹಳೇದನ್ನ ಬಿಟ್ಟಿದ್ರೆ ಅದೂ ಹೋಯ್ತು. ಈ ವಸಂತದಲ್ಲಿ ಒಬ್ಬಳಿಗೆ ಹಾಗೇ ಆಯ್ತು. ಗಂಡ ಹೆಣವಾಗಿ ನನ್ನ ಹಿಂದಿನ ಕೋಣೇಲಿ ಮಲಗಿದ್ದ, ಅವಳು ಪೆಟ್ರೋಲ್ ಬಂಕಿನ ಮುಂದೆ ಮೀನು ಕರೀತಾ ನಿಂತಿದ್ಲು. ಪ್ಲೇಟು ಪ್ಲೇಟು ಮಾರಿ ಮಣ್ಣು ಮಾಡಿದ್ಲು ಅವನನ್ನ. ಅಳಕ್ಕೂ ಪುರುಸೊತ್ತು ಸಿಗಲಿಲ್ಲ ಅವಳಿಗೆ."

"ಹಾಗಾದ್ರೆ ಪಾಲಿಸೀನೇ ಬೇಡ್ವಾ?"

"ಬೇಕು! ಯಾಕೆ ಬೇಡ? ಒಳ್ಳೇ ಪಾಲಿಸೀನೂ ಇವೆ, ಒಳ್ಳೇ ಏಜೆಂಟರೂ ಇದ್ದಾರೆ. ಎರಡು ವರ್ಷದ ಮಾತನ್ನ ನೀನು ಕೇಳೋ ಮೊದಲೇ ಹೇಳ್ತಾರೆ ಅವರು. ಹಳೇದನ್ನ ಬಿಡಿ ಅನ್ನಲ್ಲ."

ಮರುದಿನ ಓಜೆಲ್ಲಾ ಹೋಗುವಷ್ಟರಲ್ಲಿ ಬ್ರೆಂಟ್ ಅಡುಗೆಮನೆಯ ಮೇಜಿನ ಮುಂದೆ ಕುಳಿತಾಗಿತ್ತು. ಇಸ್ತ್ರಿ ಮಾಡಿದ ಅಂಗಿ, ಬೆಣ್ಣೆಯಂಥ ಮಾತು. ಲೂವರ್ನ್ ಅವನಿಗೆ ಸಿಹಿ ಟೀ ಕೊಟ್ಟಿದ್ದಳು. ಕ್ಲಿಯೋಥಾ ಏದುಸಿರು ಬಿಡುತ್ತ ಪೆನ್ನು ಹಿಡಿದಿದ್ದ.

"ನಮಸ್ಕಾರಪ್ಪ. ನಾನೇ ಓಜೆಲ್ಲಾ," ಅಂದಳು ಅವಳು. "ನಾನೇ ಹೇಳಿದ್ದಂತಲ್ಲ ನಿನಗೆ. ಯಾವಾಗ ಹೇಳಿದೆ? ಎಲ್ಲಿ ಹೇಳಿದೆ?"

ಹುಡುಗನ ನಗು ಅರ್ಧಕ್ಕೇ ನಿಂತಿತು. "ಅದು... ನಮ್ಮ ಆಫೀಸಿನವರು ಕೊಟ್ಟ ಮಾಹಿತಿ ಮೇಡಂ."

"ಆಯ್ತು, ಒಂದೇ ಒಂದು ಮಾತು ಹೇಳು. ಇವತ್ತು ನಮ್ಮ ಕ್ಲಿಯೋಥಾಣ್ಣ ಸಹಿ ಹಾಕ್ತಾನೆ. ಮುಂದಿನ ತಿಂಗಳು ಹೋಗಿಬಿಟ್ಟ ಅಂತಿಟ್ಕೋ. ಲೂವರ್ನ್ ಕೈಗೆ ಎಷ್ಟು ಬರುತ್ತೆ?"

"ಓಜೆಲ್ಲಾ! ಏನೇ ಅಪಶಕುನ!" ಲೂವರ್ನ್ ಕಿರುಚಿದಳು.

"ಸುಮ್ನಿರೇ ನೀನು. ಹೇಳಪ್ಪಾ."

"ಅಂಥ ಕೆಟ್ಟ ಮಾತು ಯಾಕೆ ಮೇಡಂ? ದೇವರು ಅವರಿಗೆ ಆಯಸ್ಸು ಕೊಡ್ಲಿ."

"ಕೊಡ್ಲಿ. ದೇವರ ಕೆಲಸ ದೇವರು ನೋಡ್ಕೋತಾನೆ, ನೀನು ನಿನ್ನ ಕೆಲಸ ಮಾಡು. ಹತ್ತು ಸಾವಿರ ಪೂರ್ತಿ ಬರುತ್ತೆ ಅಂತ ಈ ಕಾಗದದ ಮೇಲೆ ಬರೆದು ನಿನ್ನ ಸಹಿ ಹಾಕು. ನಿನ್ನ ಬೆನ್ನು ತಟ್ಟಿ, ಊಟ ಹಾಕಿ ಕಳಿಸ್ತೀನಿ."

ಬ್ರೆಂಟ್ ಬರೆಯಲಿಲ್ಲ. ಟೀ ಲೋಟ ತಿರುಗಿಸಿದ. "ಮೊದಲ ಎರಡು ವರ್ಷ ಕಟ್ಟಿದ ಕಂತು, ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ..." ಎಂದು ಗೊಣಗಿದ.

"ಜೋರಾಗಿ ಹೇಳು! ಕ್ಲಿಯೋಥಾಣ್ಣನಿಗೆ ಕಿವಿ ಸ್ವಲ್ಪ ಮಂದ."

ಜೋರಾಗಿ ಹೇಳಬೇಕಾಯಿತು. ಲೂವರ್ನ್ ಮೇಜಿನ ಹತ್ತಿರ ಬಂದಳು. "ನೀನು ಫೋನಲ್ಲಿ ಇದನ್ನ ಹೇಳ್ಲೇ ಇಲ್ವಲ್ಲಪ್ಪಾ. ಇವರಿಗೆ ಎರಡು ವರ್ಷ ಇಲ್ಲ ಅಂತ ಡಾಕ್ಟರೇ..." ಅಲ್ಲಿಗೆ ಅವಳ ಮಾತು ನಿಂತಿತು. ಗಂಡ ಎದುರಿಗೇ ಇದ್ದಾನೆ ಎನ್ನುವುದು ಅವಳಿಗೆ ಮರೆತೇ ಹೋಗಿತ್ತು.

ಕ್ಲಿಯೋಥಾ ಪೆನ್ನು ಕೆಳಗಿಟ್ಟ. ಅವನು ಹೆಚ್ಚು ಮಾತಾಡುವವನಲ್ಲ. ಈಗಂತೂ ಒಂದೊಂದು ಮಾತಿಗೂ ಉಸಿರು ಹುಡುಕಬೇಕು.

"ನನ್ನ ಹೆಸರಿಗೆ ಎಷ್ಟು ಕೊಟ್ಟೆ, ಮಗಾ?"

"ಏನು ಸರ್?"

"ಮಾರಾಟಕ್ಕಿತ್ತಲ್ಲ. ಎಷ್ಟಕ್ಕೆ ತಗೊಂಡೆ?"

ಹುಡುಗ ನೆಲ ನೋಡಿದ. "ಮೂವತ್ತೆರಡು ಡಾಲರ್ ಸರ್."

"ಮೂವತ್ತೆರಡು ಡಾಲರ್," ಅಂದ ಕ್ಲಿಯೋಥಾ. "ಅಷ್ಟು ಖರ್ಚು ಮಾಡಿ ನನ್ನ ಹೆಂಡ್ತೀನ ಬೀದೀಲಿ ನಿಲ್ಲಿಸಕ್ಕೆ ಬಂದ್ಯಾ? ಏಳು. ನನ್ನ ಮನೆಯಿಂದ ಏಳು."

ಬ್ರೆಂಟ್ ಎದ್ದು ಹೋದ. ಲೂವರ್ನ್ ಅಳುತ್ತ ಓಜೆಲ್ಲಾ ಕಡೆ ತಿರುಗಿದಳು. ತಾನು ರೇಡಿಯೋದಲ್ಲಿ ಓದಿದ್ದೇ ಅವನ ಕೈಗೆ ಸಿಕ್ಕಿದ್ದು ಎಂದು ಓಜೆಲ್ಲಾ ಹೇಳಿದಾಗ ಒಂದಿಷ್ಟು ಬೈಸಿಕೊಂಡಳು, ಬೈಸಿಕೊಳ್ಳಬೇಕಾದ್ದೇ. ಆಮೇಲೆ ಮೂವರೂ ಕೂತು ಹಳೆಯ ಪಾಲಿಸಿಯವರಿಗೆ ಫೋನ್ ಮಾಡಿ, ಅದು ನಡೆಯುತ್ತಿದೆಯೇ, ಕಂತೇನಾದರೂ ತಪ್ಪಿದೆಯೇ ಎಂದು ಕೇಳಿಕೊಂಡರು. ನಡೆಯುತ್ತಿತ್ತು.

ಭಾನುವಾರ ಓಜೆಲ್ಲಾ ಮೈಕಿನ ಮುಂದೆ ನಿಂತು ಯಾರ ಹೆಸರನ್ನೂ ಓದಲಿಲ್ಲ, ಯಾವ ರಸ್ತೆಯನ್ನೂ ಹೇಳಲಿಲ್ಲ. "ನಮ್ಮಲ್ಲಿ ಕಾಯಿಲೆ ಬಿದ್ದೋರಿದ್ದಾರೆ, ಊಟ ಕಳಿಸೋರು ನನ್ನ ಹತ್ರ ಬಂದು ಕೇಳಿ," ಅಂದಳು. ಹಿರಿಯರು ಕೆಲವರು ಗೊಣಗಿದರು. ಗೊಣಗಲಿ ಎಂದು ಬಿಟ್ಟಳು.

ಕ್ಲಿಯೋಥಾ ಆ ಚಳಿಗಾಲ ದಾಟಲಿಲ್ಲ. ಹಳೆಯ ಪಾಲಿಸಿ ಹೇಳಿದಷ್ಟೂ ಕೊಟ್ಟಿತು. ಮಿಸ್ ಅರ್ನೆಸ್ಟೀನ್ ಅವನಿಗೆ ನೀಲಿ ಸೂಟು ತೊಡಿಸಿದರು. ಲೂವರ್ನ್ ಒಂದು ಪ್ಲೇಟು ಮೀನನ್ನೂ ಕರಿಯಲಿಲ್ಲ, ಯಾರ ಮುಂದೂ ಕೈ ಚಾಚಲಿಲ್ಲ. ಚರ್ಚಿನ ಮುಂದಿನ ಬೆಂಚಿನಲ್ಲಿ ಕುಳಿತು ಮನಸ್ಸು ತುಂಬ ಅತ್ತಳು. ಗಂಡ ಹೋದ ದಿನ ಅಳುವುದಕ್ಕಾದರೂ ಬಿಡುವು ಬೇಡವೇ ಒಬ್ಬ ಹೆಂಗಸಿಗೆ?

ಅಕ್ಕಾ, ಅಣ್ಣಾ, ಇದನ್ನು ಓದುತ್ತಿರುವ ನಿಮಗೇ ಹೇಳುತ್ತಿರುವುದು. ನಿಮ್ಮ ಮನೆಯ ಕಾಯಿಲೆಯನ್ನು ಊರ ಮುಂದೆ, ಮೈಕಿನಲ್ಲಿ, ಬಹುಮಾನದ ಚೀಟಿಯಲ್ಲಿ ಹರಡಬೇಡಿ. ನಡೆಯುತ್ತಿರುವ ಹಳೆಯ ಪಾಲಿಸಿಯನ್ನು ಯಾರ ಬಾಯಿಮಾತು ಕೇಳಿಯೂ ಬಿಡಬೇಡಿ. ಏಜೆಂಟನ ಹೆಸರು, ಲೈಸೆನ್ಸು ಕೇಳಿ, ವಿಮೆಯ ಸರ್ಕಾರಿ ಕಚೇರಿಗೆ ಫೋನ್ ಮಾಡಿ ವಿಚಾರಿಸಿ. ಸಹಿ ಹಾಕಿಬಿಟ್ಟಿದ್ದರೂ ಹೆದರಬೇಡಿ; ಪಾಲಿಸಿ ಕೈಗೆ ಬಂದ ಮೇಲೆ ವಾಪಸ್ ಮಾಡಲು ಕೆಲವು ದಿನ ಅವಕಾಶವಿರುತ್ತದೆ, ಕೂಡಲೇ ಓದಿಸಿ ನೋಡಿ. ಎಲ್ಲಕ್ಕಿಂತ ಮೊದಲು, "ಮುಂದಿನ ತಿಂಗಳೇ ಹೋದರೆ ಎಷ್ಟು ಕೊಡ್ತೀಯ, ಬರೆದು ಕೊಡು" ಎಂದು ಕೇಳಿ. ಮನೆಗೆ ಬಂದವನನ್ನು ಹಾಗೆ ಕೇಳುವುದು ಹೇಗೆ ಎಂದು ಸಂಕೋಚವೇ? ನೀವು ಸಾಯುವುದನ್ನು ಲೆಕ್ಕ ಹಾಕಿಕೊಂಡು ನಿಮ್ಮ ಬಾಗಿಲಿಗೆ ಬಂದವನಿಗೆ ಇಲ್ಲದ ಸಂಕೋಚ ನಿಮಗೇಕೆ?