ದೊಡ್ಡ ಸೈಜಿನ ಅಳತೆ

ಕೆಲಸದ ಬಟ್ಟೆ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಾದವರು ಬೇಕಾದಷ್ಟು ಜನ ಇದ್ದರು. ಆ ಹೆಸರು ಬಂದದ್ದು ಮೈಯಿಂದ. ಅಡುಗೆಯವರ ಕೋಟು, ದಾದಿಯರ ಅಂಗಿ, ಕಸ ಗುಡಿಸುವವರ ಮೇಲಂಗಿ, ಯಾವ ಹೊಸ ಮಾದರಿ ಬಂದರೂ ಅದರ ದೊಡ್ಡ ಸೈಜನ್ನು ಕಟಿಂಗ್ ಮಾಸ್ಟರು ಅವಳ ಮೈಮೇಲೇ ಕೂರಿಸುತ್ತಿದ್ದರು. ಗುಂಡಿ ಹೊಲಿಯುವ ಮೇಜಿನಿಂದ ಅವಳನ್ನು ಕರೆದು, ಕಿಟಕಿಯ ಬೆಳಕಿಗೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವಳ ಸುತ್ತ ತಿರುಗುವರು. ಮೂಲೆಯಲ್ಲಿ ಬಟ್ಟೆ ತೊಡಿಸುವ ಗೊಂಬೆಯೊಂದು ಧೂಳು ಹಿಡಿದು ನಿಂತಿತ್ತು. ಮಾಸ್ಟರಿಗೆ ಅದನ್ನು ಕಂಡರೆ ಆಗದು.

"ಗೊಂಬೆ ಉಸಿರಾಡತ್ತಾ? ಕೂತ್ಕೊಳ್ಳತ್ತಾ? ಕಂಕುಳಲ್ಲಿ ಬಿಗಿ ಅಂತ ಬಾಯಿ ಬಿಡತ್ತಾ?" ಎನ್ನುವರು.

ಅವಳಿಗೂ ಈ ಕೆಲಸ ಇಷ್ಟವೇ. ತನ್ನ ಮೈಯನ್ನು ನೋಡಿ ಬೇರೆಯವರು ಮುಖ ಅತ್ತ ತಿರುಗಿಸಿದ್ದುಂಟು, ನಕ್ಕಿದ್ದುಂಟು. ಇಲ್ಲಿ ಮಾತ್ರ ಅದು ಕೆಲಸಕ್ಕೆ ಬರುತ್ತಿತ್ತು.

ತೊಂದರೆ ಕೊಟ್ಟದ್ದು ಮೊಣಕಾಲು. ಕಾರ್ಖಾನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಸೆರಗಿಗೆ ಏನೋ ಅಂಟಿದೆ ಎಂಬಂತೆ ಕೊಡವುತ್ತ ಸುಧಾರಿಸಿಕೊಳ್ಳುವ ಹಾಗಾಯಿತು. ಡಾಕ್ಟರಮ್ಮ ಕಾಲನ್ನು ಮಡಚಿ ಬಿಚ್ಚಿ ನೋಡಿ, ತೂಕ ಇಳಿಯಬೇಕು ಎಂದರು.

"ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ. ಮಾಂಸ, ಮೊಟ್ಟೆ, ಹಾಲು, ಮೊಸರು, ಬೆಣ್ಣೆ, ಎಲ್ಲಕ್ಕೂ ಒಂದು ದೊಡ್ಡ ನಮಸ್ಕಾರ ಹೇಳಿ. ಎಣ್ಣೆ ಆದಷ್ಟೂ ಕಡಿಮೆ. ಕಾಳು, ಬೇಳೆ, ತರಕಾರಿ, ಹಣ್ಣು, ಆಲೂಗಡ್ಡೆ ಹೊಟ್ಟೆ ತುಂಬ ತಿನ್ನಿ. ಈ ವಿಟಮಿನ್ ಮಾತ್ರೆ ಮಾತ್ರ ತಪ್ಪಿಸಬೇಡಿ."

"ಹೊಟ್ಟೆ ತುಂಬ ಅಂದ್ರಾ?"

"ತುಂಬ ಅಂದ್ರೆ ತುಂಬ."

ಉಪವಾಸ ಬೀಳಲು ಹೇಳಿದ್ದರೆ ಅವಳು ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ಅಲ್ಲೇ ಮರೆತು ಬರುತ್ತಿದ್ದಳೋ ಏನೋ. ಹೊಟ್ಟೆ ತುಂಬ ತಿಂದೂ ಮೈ ಇಳಿಯುವುದು ಹೇಗೆ ಎಂಬ ಪ್ರಶ್ನೆ ತಲೆಯಲ್ಲಿ ಹುಳು ಬಿಟ್ಟಂತಾಯಿತು. ನೋಡಿಯೇ ಬಿಡೋಣ ಎಂದುಕೊಂಡಳು.

ಅವಳಿಗಿಂತ ಹೆಚ್ಚು ಕುತೂಹಲ ಹುಟ್ಟಿದ್ದು ಅತ್ತೆಗೆ. "ಎಣ್ಣೆ ಇಲ್ದೆ ಈರುಳ್ಳಿ ಹುರಿಯೋದು ಅಂದ್ರೇನೇ? ನೀರಿಲ್ದೆ ಈಜ್ತೀನಿ ಅಂದ ಹಾಗಾಯ್ತು" ಎನ್ನುತ್ತಲೇ ಸ್ಟೂಲು ಎಳೆದುಕೊಂಡು ಒಲೆಯ ಪಕ್ಕ ಕೂತರು. ಅವಳು ಕಾದ ಬಾಣಲೆಗೆ ಈರುಳ್ಳಿ ಹಾಕಿ, ತಳ ಹಿಡಿಯುವಷ್ಟರಲ್ಲಿ ಒಂದು ಚಮಚ ನೀರು ಚಿಮುಕಿಸಿದಳು. ಅದು ಆರಿತು. ಮತ್ತೆ ಚಿಮುಕಿಸಿದಳು. ಸ್ವಲ್ಪ ಹೊತ್ತಿನಲ್ಲಿ ಈರುಳ್ಳಿಯ ಅಂಚು ಕಂದು ತಿರುಗಿತು. ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ಅಯ್ಯೋ, ಕೆಂಪಗಾಯ್ತಲ್ಲೇ! ಎಲ್ಲಿತ್ತೇ ಈ ಬಣ್ಣ?"

"ಈರುಳ್ಳಿ ಒಳಗೇ ಇತ್ತು ಅತ್ತೆ. ಎಣ್ಣೇದು ಅಂದ್ಕೊಂಡಿದ್ವಿ ನಾವು."

ಎಲ್ಲವೂ ಹೀಗೆ ಸಲೀಸಾಗಲಿಲ್ಲ. ಹಾಲಿಲ್ಲದ ಚಹಾ ಗಂಟಲಲ್ಲಿ ಇಳಿಯದೆ ಹಟ ಮಾಡಿತು. ಕಾಳು ಹೆಚ್ಚಾಗಿ ಅವಳ ಹೊಟ್ಟೆ ಗುಡುಗಿದಾಗ, ಬಸ್ ಓಡಿಸುವ ಅವಳ ಗಂಡ ಕಿಟಕಿಯಾಚೆ ಕತ್ತು ಚಾಚಿ, "ಮಳೆ ಬರೋ ಹಾಗಿದೆ, ಬಟ್ಟೆ ಒಳಗೆ ತಗೊಳ್ಳಿ" ಎಂದ. ಪಕ್ಕದ ಮೇಜಿನಲ್ಲಿ ಯಾರೋ ಹುರಿದ ಮೀನಿನ ಡಬ್ಬಿ ತೆರೆದ ದಿನ ಅವಳು ಆಸೆ ತಡೆಯಲಾರದೆ ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆಯಲು ಎದ್ದು ಹೋದಳು. ಆದರೆ ಕ್ರಮೇಣ ನಾಲಿಗೆಗೆ ಬೇರೆ ಸಂಗತಿಗಳು ತಿಳಿಯತೊಡಗಿದವು. ಬೇಯಿಸಿದ ಎಲೆಕೋಸು ಸಿಹಿ ಎಂಬುದು ಅಷ್ಟು ವರ್ಷ ಅಡುಗೆ ಮಾಡಿದವಳಿಗೆ ಗೊತ್ತೇ ಇರಲಿಲ್ಲ.

ಮೈ ಇಳಿಯಿತು. ಒಂದೇ ಸಲಕ್ಕಲ್ಲ, ಸದ್ದಿಲ್ಲದೆ. ರವಿಕೆ ಸಡಿಲವಾದಾಗಲೆಲ್ಲ ಊಟದ ವಿರಾಮದಲ್ಲಿ ಮಿಷಿನ್ನಿಗೆ ಕೂತು ಅಂಚಿನಲ್ಲಿ ಇನ್ನೊಂದು ಹೊಲಿಗೆ ಹಾಕಿಕೊಂಡು ಬರುತ್ತಿದ್ದಳು. ಮೇಲೆ ಕಾರ್ಖಾನೆಯ ಜೋಲು ಮೇಲಂಗಿ ಇರುತ್ತಿದ್ದುದರಿಂದ, ದಿನಾ ನೋಡುವ ಕಣ್ಣುಗಳಿಗೆ ಅವಳು ಅದೇ ದೊಡ್ಡಕ್ಕ. ಮಾಸ್ಟರು ಹೊಸ ಅಡುಗೆ ಕೋಟನ್ನು ಅವಳ ಮೇಲೆ ಕೂರಿಸಿ, ಸೂಜಿ ಚುಚ್ಚಿ, "ಭುಜ ಸರಿಯಾ? ಬಗ್ಗು. ಕೈ ಎತ್ತು" ಎಂದು ಕೇಳಿ ಕಳಿಸಿದರು. ಎಲ್ಲ ಸರಿಯಾಗಿಯೇ ಇತ್ತು.

ಆ ಕೋಟುಗಳು ಪ್ರತಿ ವರ್ಷ ಇಲ್ಲಿಂದಲೇ ಕೋಟು ತರಿಸುವ ಒಂದು ದೊಡ್ಡ ಶಾಲೆಯ ಅಡುಗೆಮನೆಗೆ ಹೋದವು. ಒಂದು ವಾರದೊಳಗೇ ದೊಡ್ಡ ಸೈಜಿನವು ಅಷ್ಟೂ ಮರಳಿ ಬಂದವು. ಗುಂಡಿ ಕಿತ್ತುಹೋಗಿದ್ದವು, ಒಂದರ ಬೆನ್ನಿನ ಹೊಲಿಗೆಯೇ ಬಿಟ್ಟಿತ್ತು. ಕಾರ್ಖಾನೆಯ ಒಡತಿ ಗಂಟನ್ನು ಮೇಜಿನ ಮೇಲೆ ಬಿಚ್ಚಿ, "ಮಾಸ್ಟ್ರೇ, ಏನಿದು?" ಎಂದು ಕೇಳಿದಾಗ ಮಾಸ್ಟರ ಮುಖ ಸಪ್ಪಗಾಯಿತು.

"ಬಟ್ಟೆ ಕುಗ್ಗಿರಬೇಕು ಮೇಡಂ. ನನ್ನ ಕತ್ತರಿ ಸುಳ್ಳು ಹೇಳಲ್ಲ."

ಬಟ್ಟೆಯ ತುಂಡೊಂದನ್ನು ಬಿಸಿನೀರಲ್ಲಿ ಒಗೆದು, ಒಣಗಿಸಿ ಅಳೆದರು. ಕುಗ್ಗಿರಲಿಲ್ಲ. ಟೇಪು ಹಳೆಯದಾಗಿ ಎಳೆದುಕೊಂಡಿರಬಹುದೆಂದು ಉಕ್ಕಿನ ಪಟ್ಟಿಯ ಪಕ್ಕ ಹಿಡಿದರು. ಗೆರೆಗೆ ಗೆರೆ ಕೂತಿತು. ಒಂದರ ಮೇಲೊಂದು ಹಾಸಿದ ಬಟ್ಟೆಯ ಕೆಳಗಿನ ಪದರ ಜರುಗಿರಬಹುದೇ ಎಂದು ಕತ್ತರಿಸುವ ಮೇಜನ್ನೂ ನೋಡಿದ್ದಾಯಿತು. ದೊಡ್ಡಕ್ಕ ಕೆಲಸ ಬಿಟ್ಟು ಇವರ ಹಿಂದೆಯೇ ಸುತ್ತುತ್ತಿದ್ದಳು. ಕಳ್ಳನನ್ನು ಹಿಡಿಯುವ ಕಥೆಯೊಳಗೆ ಕಾಲಿಟ್ಟಂತೆ ಅವಳಿಗೆ ಹುರುಪೇ ಹುರುಪು.

"ಹೋದ ವರ್ಷದ್ದು ಸರಿಯಿತ್ತಲ್ಲ ಮಾಸ್ಟ್ರೇ? ಅದರ ಜೊತೆ ಇಟ್ಟು ನೋಡೋಣ" ಎಂದು ಅವಳೇ ಕಪಾಟಿನಿಂದ ಹಳೆಯ ಮಾದರಿ ಕೋಟು ಹುಡುಕಿ ತಂದಳು. ಮೇಲಂಗಿ ಕಳಚಿ, ಅದನ್ನು ತೊಟ್ಟು, ಗುಂಡಿ ಹಾಕಿಕೊಂಡು ತಿರುಗಿದಳು.

ಕೋಟಿನೊಳಗೆ ಇನ್ನೊಬ್ಬಳಿಗೆ ಜಾಗವಿತ್ತು. ಹೊಟ್ಟೆಯ ಮೇಲೆ ಬಟ್ಟೆ ಖಾಲಿ ಚೀಲದಂತೆ ಜೋತಿತ್ತು. ಮಾಸ್ಟರ ಬಾಯಿಂದ ಒಂದು ಗುಂಡುಸೂಜಿ ಜಾರಿ ನೆಲಕ್ಕೆ ಬಿತ್ತು.

"ಮಾಸ್ಟ್ರೇ," ಎಂದಳು ಅವಳು ಮೆಲ್ಲಗೆ, "ಕುಗ್ಗಿದ್ದು ಬಟ್ಟೆ ಅಲ್ಲ. ನಾನು."

ಮೊದಲು ನಕ್ಕದ್ದು ಒಡತಿ. ಆಮೇಲೆ ಎಲ್ಲರೂ ನಕ್ಕರು, ಮಾಸ್ಟರೊಬ್ಬರನ್ನು ಬಿಟ್ಟು. "ಒಂದು ಮಾತು ಹೇಳ್ಬಾರ್ದಿತ್ತೇನಮ್ಮ? ನೀನೊಬ್ಳು ಇಳಿದು ಶಾಲೆ ಅಡುಗೆಯೋರ ಗುಂಡಿ ಎಲ್ಲಾ ಕೀಳಿಸಿದೆಯಲ್ಲ!"

"ಸೂಜಿ ಚುಚ್ಚಿದ್ದು ನೀವಲ್ವಾ? ನಿಮಗೆ ಗೊತ್ತಾಗಿದೆ ಅಂತ್ಲೇ ಅಂದ್ಕೊಂಡೆ."

"ನಿನ್ನ ಮೈಗೆ ಟೇಪು ಹಿಡಿದು ಯಾವ ಕಾಲ ಆಯ್ತೋ. ಕಣ್ಣಿಗೆ ಅಭ್ಯಾಸ ಆಗ್ಬಿಟ್ಟಿದೆ" ಎಂದು ಅವರು ತಲೆ ಕೆರೆದುಕೊಂಡರು. ನಂತರ ಸ್ವಲ್ಪ ಆಸೆಯಿಂದ, "ಒಂದೆರಡು ತಿಂಗಳು ಬೆಣ್ಣೆ ತಿನ್ನೋಕಾಗಲ್ವಾ?" ಎಂದರು.

"ಆಗಲ್ಲ. ಮೆಟ್ಟಿಲು ಒಂದೇ ಉಸಿರಿಗೆ ಹತ್ತುತಾ ಇದೀನಿ."

ಅಂದು ಮನೆಗೆ ಹೋಗುವಾಗ ಮಾತ್ರ ಅವಳಿಗೆ ಏನೋ ಕಳೆದುಕೊಂಡಂತೆ ಅನ್ನಿಸಿತು. ಇನ್ನು ಅವಳನ್ನು ಕಿಟಕಿಗೆ ಯಾರೂ ಕರೆಯುವುದಿಲ್ಲ. ಅದರ ಬೆನ್ನಿಗೇ ಹೊಸದೊಂದು ಯೋಚನೆ ಬಂತು: ಇಷ್ಟು ವರ್ಷ ತನ್ನ ಅಳತೆಯನ್ನು ತೊಟ್ಟು ಓಡಾಡಿದ ಹೆಂಗಸರು ಹೇಗಿದ್ದಾರೆ? ಒಬ್ಬರನ್ನೂ ಅವಳು ನೋಡಿರಲಿಲ್ಲ. ಮರುದಿನ ಒಡತಿಯನ್ನು ಕೇಳಿ, ಟೇಪು ಕುತ್ತಿಗೆಗೆ ಹಾಕಿಕೊಂಡು ಶಾಲೆಯ ಅಡುಗೆಮನೆಗೆ ಹೊರಟಳು.

ಅಲ್ಲಿ ದೊಡ್ಡ ದೊಡ್ಡ ಪಾತ್ರೆಗಳ ಹಬೆಯ ನಡುವೆ ಐದಾರು ಮಂದಿ ಹೆಂಗಸರು ಕೆಲಸ ಮಾಡುತ್ತಿದ್ದರು. ಎಲ್ಲರದೂ ದೊಡ್ಡ ಸೈಜು. ಆದರೆ ಒಬ್ಬಳಂತೆ ಇನ್ನೊಬ್ಬಳಿರಲಿಲ್ಲ. ಪಾತ್ರೆ ಎತ್ತಿ ಎತ್ತಿ ಒಬ್ಬಳ ರಟ್ಟೆ ದಪ್ಪಗಾಗಿತ್ತು. ಇನ್ನೊಬ್ಬಳಿಗೆ ಭುಜ ಚಿಕ್ಕದು, ಸೊಂಟ ಅಗಲ. ಹಿಟ್ಟು ನಾದುತ್ತಿದ್ದ ಎತ್ತರದವಳೊಬ್ಬಳು ಕೈಯೊರೆಸಿಕೊಂಡು ಮುಂದೆ ಬಂದಳು.

"ಈ ಸಲದ್ದು ಎದೆ ಮೇಲೆ ಕೂರ್ಲಿಲ್ಲ, ವಾಪಸ್ ಕಳಿಸಿದ್ವಿ. ಮುಂಚಿನದೂ ತೋಳಲ್ಲಿ ಬಿಗಿನೇ ಕಣ್ರೀ."

"ಮುಂಚಿನದೂನಾ? ಯಾಕೆ ಹೇಳ್ಲಿಲ್ಲ ಮತ್ತೆ?"

"ನಮ್ಮ ತೋಳೇ ದಪ್ಪ ಅಂದ್ಕೊಂಡ್ವಿ. ಕೋಟಿಂದು ತಪ್ಪು ಅಂತ ಯಾರಿಗೆ ಹೊಳೆಯತ್ತೆ?"

ದೊಡ್ಡಕ್ಕ ಕುತ್ತಿಗೆಯಿಂದ ಟೇಪು ತೆಗೆದಳು. ಮುಂಚಿನ ಕೋಟು ಅವಳಿಗೆ ಅಚ್ಚುಕಟ್ಟಾಗಿ ಕೂರುತ್ತಿತ್ತು. ಆದ್ದರಿಂದ ಎಲ್ಲರಿಗೂ ಕೂರುತ್ತದೆ ಎಂದು ನಂಬಿದ್ದಳು. ಒಬ್ಬೊಬ್ಬರನ್ನೇ ಬೆಳಕಿಗೆ ಕರೆದು ಅಳೆದಳು. ಮೇಲಿನ ಹಲಗೆಯಿಂದ ಪಾತ್ರೆ ಇಳಿಸುವ ಹಾಗೆ ಕೈ ಎತ್ತಲು ಹೇಳಿದಳು, ಒಲೆಯ ಕಡೆ ಬಗ್ಗಲು ಹೇಳಿದಳು. ಅವರು ಮೊದಮೊದಲು ನಾಚಿಕೊಂಡರು. ಆಮೇಲೆ ತಮ್ಮ ಮೈಯ ದೂರುಗಳನ್ನೆಲ್ಲ ತೋಡಿಕೊಂಡರು, ನಕ್ಕರು.

ಮಾಸ್ಟರು ಅಳತೆಗಳನ್ನು ನೋಡಿ ಮೊದಲು ಗೊಣಗಿದರು. ಬಳಿಕ ಚಾಕ್ ಕೈಗೆತ್ತಿಕೊಂಡು, ಕಂಕುಳ ಕೆಳಗೆ ಒಂದು ಪಟ್ಟಿ ಸೇರಿಸಿ ದೊಡ್ಡ ಸೈಜನ್ನು ಎರಡು ಬಗೆಯಾಗಿ ಕತ್ತರಿಸಿದರು. ಕೋಟುಗಳು ಹೋದವು, ಈ ಸಲ ಯಾವುದೂ ಮರಳಲಿಲ್ಲ. ಅಂದಿನಿಂದ ಹೊಸ ಗಿರಾಕಿ ಬಂದಾಗಲೆಲ್ಲ ಟೇಪು ಹಿಡಿದು ಹೋಗುವ ಕೆಲಸ ಅವಳದೇ ಆಯಿತು.

ಒಂದು ಬೆಳಿಗ್ಗೆ ಮಾಸ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು. "ಅಲ್ಲಮ್ಮ, ಇನ್ಮೇಲೆ ನಿನ್ನನ್ನ ಯಾವ ಸೈಜಿಗೆ ನಿಲ್ಲಿಸ್ಲಿ?"

"ಇನ್ನೂ ಇಳೀತಾ ಇದೀನಿ ಮಾಸ್ಟ್ರೇ" ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ. "ಎಲ್ಲಿ ಹೋಗಿ ನಿಲ್ತೀನೋ ನಂಗೂ ನೋಡ್ಬೇಕಾಗಿದೆ."