ಎರಡು ಗಂಟೆಯ ಮಗ್ಗುಲು

ನಮ್ಮ ವಾರ್ಡಿನಲ್ಲಿ ಗಂಟೆ ಹೊಡೆಯುವುದು ಗಡಿಯಾರವಲ್ಲ, ದೊಡ್ಡ ಸಿಸ್ಟರ್ ಗಂಟಲು. ಎರಡು ಗಂಟೆಗೊಮ್ಮೆ ಕಾರಿಡಾರಿನ ಆ ತುದಿಯಿಂದ "ಮಗ್ಗುಲೂ..." ಎಂದು ಕೂಗು ಬಂತೆಂದರೆ, ಸೊಂಟದ ಕೆಳಗಿನ ಸುದ್ದಿಯೇ ತಿಳಿಯದ ಹನ್ನೆರಡು ಮಂಚಗಳ ಗಂಡಸರು ಕಂಬಿ ಹಿಡಿದು ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಹೊರಳಬೇಕು. ಹೊರಳದೆ ಒಂದೇ ಕಡೆ ಬಿದ್ದುಕೊಂಡರೆ ಚರ್ಮ ಕೆಂಪಾಗುತ್ತದೆ, ಕೆಂಪಾದದ್ದು ಕಪ್ಪಾಗುತ್ತದೆ, ಕಪ್ಪಾದದ್ದು ತೂತಾಗುತ್ತದೆ. ನೋವಾಗುವುದಿಲ್ಲ, ಅದೇ ನೋವು.

ಕೂಗಿನ ಹಿಂದೆಯೇ ಆಯಮ್ಮ ಬರುತ್ತಾರೆ. ನಿದ್ದೆ ಹೋದವರನ್ನು ಎಬ್ಬಿಸಿ ಹೊರಳಿಸಿ, ಮೊಣಕಾಲುಗಳ ನಡುವೆ ದಿಂಬು ತುರುಕಿ, ಬರಿದಾದ ಹಾಸಿನ ಮೇಲೆ ಅಂಗೈಯನ್ನು ಒಮ್ಮೆ ಸವರುತ್ತಾರೆ. ಬಿಸ್ಕತ್ತಿನ ಚೂರು, ಅಂಗಿಯ ಗುಂಡಿ, ಬಟ್ಟೆಯ ಮಡಿಕೆ, ಏನಿದ್ದರೂ ಆ ಅಂಗೈಗೆ ಸಿಗಲೇಬೇಕು. "ಸುಕ್ಕು ನನ್ನ ಮುಖದಲ್ಲಿರಲಿ, ನಿಮ್ಮ ಹಾಸಲ್ಲಿ ಬೇಡ" ಎನ್ನುವುದು ಅವರ ಮಾತು. ಹದಿನಾಲ್ಕು ವರ್ಷದಿಂದ ಸವರುತ್ತಿದ್ದಾರೆ.

ನಾನು ಏಳನೇ ಮಂಚ. ವಾರ್ಡಿನಲ್ಲಿ ಹೆಸರು ರೇಡಿಯೊ. ಬೈಕಿನಿಂದ ಬಿದ್ದಾಗ ಬೆನ್ನು ಕೈಕೊಟ್ಟಿತು, ಕಾಲು ಹೋಯಿತು, ಬಾಯಿ ಉಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಚಾಚಿಸುವುದಕ್ಕೂ ಕಸರತ್ತು ಮೇಷ್ಟ್ರೇ ಬರಬೇಕು. ಹಾಗಾಗಿ ಬಾಯಿಯನ್ನು ಚಾಚುತ್ತಿದ್ದೆ. ಔಷಧಿ ಗಾಡಿಯ ಕಿರುಗುಟ್ಟುವ ಚಕ್ರ, ಕೆಟ್ಟ ಸುದ್ದಿ ಹೇಳುವ ಮುಂಚೆ ಡಾಕ್ಟರು ಕೆಮ್ಮುವ ಕೆಮ್ಮು, ಕಸರತ್ತು ಮೇಷ್ಟ್ರ "ಒಂದೂ... ಎರಡೂ... ಉಸಿರು ಬಿಗಿಹಿಡೀಬೇಡಿ ಸಾಹೇಬ್ರೆ", ಎಲ್ಲವೂ ನನ್ನ ಅಣಕದ ಸರಕು.

ಪಕ್ಕದ ಎಂಟನೇ ಮಂಚದವರು ಬಡಗಿ ಮಾವ. ನನಗೆ ಸ್ವಂತ ಮಾವನೇನಲ್ಲ, ಬರೀ ಮಗ್ಗುಲ ಮಾವ. ಚಾವಣಿಯ ತೊಲೆ ಕೂರಿಸುವಾಗ ಬಿದ್ದವರು. ಐದು ತಿಂಗಳು ಇಲ್ಲಿದ್ದು, ಬರುವ ಸೋಮವಾರ ಮನೆಗೆ ಹೊರಡುವವರಿದ್ದರು. ಗಾಲಿಕುರ್ಚಿಯ ಅಗಲ ಇಪ್ಪತ್ತಾರು ಇಂಚು, ಮನೆಯ ಬಚ್ಚಲ ಬಾಗಿಲು ಇಪ್ಪತ್ತನಾಲ್ಕು. ಅದನ್ನು ಒಡೆದು ಅಗಲ ಮಾಡುವ ಕೆಲಸ ಅವರ ಬಾಮೈದನ ಪಾಲಿಗೆ ಬಂದಿತ್ತು. ಮಾವ ಮಂಚದ ಮೇಲಿಂದಲೇ ಫೋನಿನಲ್ಲಿ ಬಾಗಿಲು ಮಾಡಿಸುತ್ತಿದ್ದರು.

"ಹೊರಗಡೆಗೆ ತೆಗೆಯೋ ಹಾಗೆ ಕೂರಿಸು ಅಂದ್ನಲ್ಲೋ. ಒಳಗಡೆಗೆ ಕೂರಿಸಿದ್ರೆ, ನಾನು ಒಳಗೆ ಬಿದ್ದಾಗ ಬಾಗಿಲಿಗೆ ನಾನೇ ಅಗುಳಿ ಆಗ್ತೀನಿ. ನೀವು ಹೊರಗೆ ನಿಂತು ತಳ್ಳಿ."

ಫೋನಿಟ್ಟು, ಚಪ್ಪಟೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ಹಳೇ ಎಕ್ಸ್-ರೇ ಲಕೋಟೆಯ ಹಿಂದೆ ಮತ್ತೆ ಬಾಗಿಲು ಬರೆಯುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಆಯಮ್ಮ ನನ್ನ ಬೆನ್ನೊರೆಸುತ್ತಾ ಕೆಣಕಿದರು. "ಎಲ್ಲರನ್ನೂ ಮಾಡ್ತೀಯ. ದೊಡ್ಡ ಸಿಸ್ಟರನ್ನ ಮಾಡು ನೋಡೋಣ. ಆ ಗಂಟಲು ನಿಂಗೆ ಬರಲ್ಲಪ್ಪ."

ಕೆರೆತ ಅಲ್ಲಿ ಶುರುವಾಯಿತು. ಸೊಂಟದ ಕೆಳಗೆ ಕೆರೆತ ಗೊತ್ತಾಗದವನಿಗೆ ನಾಲಿಗೆಯಲ್ಲಿ ಕೆರೆತ ಜಾಸ್ತಿ.

ಮಧ್ಯಾಹ್ನ ಎರಡಕ್ಕೆ ದೊಡ್ಡ ಸಿಸ್ಟರ್ ಮೇಲಿನ ಮಹಡಿಯಲ್ಲಿ ಮೀಟಿಂಗಿನಲ್ಲಿದ್ದರು. ಎಂಟು ಜನ ಕಸರತ್ತಿನ ಕೋಣೆಗೆ ಹೋಗಿದ್ದರು. ಉಳಿದ ನಾಲ್ವರಲ್ಲಿ ಇಬ್ಬರು ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನ್ ನೋಡುತ್ತಿದ್ದರು. ಮಾವ ಹನ್ನೆರಡಕ್ಕೆ ಎಡಮಗ್ಗುಲಾದವರು, ಬಾಗಿಲು ಬರೆಯುತ್ತಾ ಹಾಗೇ ನಿದ್ದೆ ಹೋಗಿದ್ದರು. ಆಯಮ್ಮ ದಿಂಬು ತರಲು ಉಗ್ರಾಣಕ್ಕೆ ಹೋದ ಸದ್ದು ಕೇಳಿಸಿತು. ನಾನು ಹೊದಿಕೆಯ ಅಂಚನ್ನು ಬಾಯಿಗೆ ಅಡ್ಡ ಹಿಡಿದು, ಧ್ವನಿ ದೂರದಿಂದ ಬಂದ ಹಾಗೆ ಮಾಡಿ ಬಿಟ್ಟೆ.

"ಆಯಮ್ಮಾ... ಎಲ್ಲಾರ್ದೂ ನಾನೇ ಮಾಡ್ಸಿದೀನಿ. ಪಟ್ಟೀಲಿ ಗೆರೆ ಹಾಕಿ, ಟೀ ಕುಡಿದು ಬನ್ನಿ."

"ಆಯ್ತು ಸಿಸ್ಟರ್" ಎಂದು ಉಗ್ರಾಣ ಹೇಳಿತು.

ಆಯಮ್ಮ ಬಾಗಿಲ ಬಳಿಯ ಪಟ್ಟಿಯಲ್ಲಿ, ಹೊರಳಿಸಿದ್ದಕ್ಕೆ ಮಂಚಕ್ಕೊಂದರಂತೆ, ನಾಲ್ಕು ಗೆರೆ ಎಳೆದು ಹೊರಟರು. ಮೆಟ್ಟಿಲವರೆಗೆ ಹೋಗಲಿ, ಆಮೇಲೆ ಕರೆದು ಮುಖ ನೋಡೋಣ ಎಂದುಕೊಂಡೆ. ಅಷ್ಟರಲ್ಲಿ ಕಸರತ್ತು ಮೇಷ್ಟ್ರು ಬಂದರು. "ಬನ್ನಿ ಸಾಹೇಬ್ರೆ, ಇವತ್ತು ಹಲಗೆ" ಎಂದು ನನ್ನನ್ನು ಕುರ್ಚಿಗೆ ಎತ್ತಿ ತಳ್ಳಿಕೊಂಡೇ ಹೋದರು.

ಹಲಗೆ ಅಂದರೆ ಮಂಚಕ್ಕೂ ಕುರ್ಚಿಗೂ ನಡುವೆ ಇಡುವ ನುಣ್ಣನೆಯ ಸೇತುವೆ. ಅಂಡನ್ನು ಅದರ ಮೇಲೆ ಜರುಗಿಸುತ್ತಾ ದಾಟಬೇಕು. ಎರಡು ತಿಂಗಳಿಂದ ನಡುದಾರಿಯಲ್ಲೇ ಸಿಕ್ಕಿಬೀಳುತ್ತಿದ್ದವನು ಅವತ್ತು, ಯಾರೂ ಮುಟ್ಟದೆ, ಆ ದಡ ಸೇರಿದೆ. ಮೇಷ್ಟ್ರು ಎಣಿಸುವುದನ್ನೇ ಮರೆತರು. ನಾನು ಆಯಮ್ಮನನ್ನೇ ಮರೆತೆ.

ನಾಲ್ಕು ಗಂಟೆಗೆ, ಮಾವನಿಗೆ ಹೇಳಬೇಕೆಂದು ಚಕ್ರ ತಿರುಗಿಸಿಕೊಂಡು ಹಾರಿ ಬಂದರೆ, ಎಂಟನೇ ಮಂಚದ ಸುತ್ತ ಪರದೆ. ಒಳಗೆ ಆಯಮ್ಮನ ಅಂಗೈಯಲ್ಲಿ ಚಪ್ಪಟೆ ಪೆನ್ಸಿಲ್ಲು. ಮಾವನ ಎಡ ಸೊಂಟದ ಮೂಳೆಯ ಮೇಲೆ ಅದರದೇ ಅಚ್ಚು, ಕೆಂಪಗೆ.

ದೊಡ್ಡ ಸಿಸ್ಟರ್ ಬೆರಳೊತ್ತಿ ಬಿಟ್ಟರು. ಒತ್ತಿ ಬಿಟ್ಟರೆ ಬೆಳ್ಳಗಾಗಿ ಮತ್ತೆ ಕೆಂಪೇರಬೇಕು. ಇದು ಕೆಂಪಾಗಿಯೇ ಕೂತಿತ್ತು. ಮಾವ ಹಿಡಿಕೆಯ ಕನ್ನಡಿಯಲ್ಲಿ ಬಗ್ಗಿ ನೋಡಿ, "ಎರಡೂಕಾಲು ಇಂಚು. ಅಳತೆ ಸರಿಯಾಗಿದೆ" ಅಂದರು.

"ಸೋಮವಾರ ಇಲ್ಲ" ಎಂದರು ದೊಡ್ಡ ಸಿಸ್ಟರ್. "ಇದು ಹೋಗೋವರೆಗೂ ಎಡಮಗ್ಗುಲಿಲ್ಲ, ಕುರ್ಚಿ ಇಲ್ಲ, ಗಾಡಿ ಪ್ರಯಾಣ ಇಲ್ಲ. ಎರಡಕ್ಕೆ ಹೊರಳಿಸಿದ್ರೆ ಈ ಪೆನ್ಸಿಲ್ಲು ಸಿಗ್ತಿತ್ತಲ್ಲ ಆಯಮ್ಮ? ಪಟ್ಟೀಲಿ ಗೆರೆ ಇದೆ."

"ನೀವೇ ಮಾಡ್ಸಿದೀನಿ ಅಂದ್ರಲ್ಲ ಸಿಸ್ಟರ್."

"ನಾನು ಮೇಲೆ ಮೀಟಿಂಗಲ್ಲಿದ್ದೆ. ನೋಡದೆ ಗೆರೆ ಹಾಕಿದ್ದು ಒಂದು ತಪ್ಪು, ಅದನ್ನ ನನ್ನ ತಲೆಗೆ ಕಟ್ಟೋದು ಇನ್ನೊಂದು. ಸೋಮವಾರದಿಂದ ಬಟ್ಟೆ ಒಗೆಯೋ ಕಡೆ ಹೋಗಿ. ರೋಗಿಗಳನ್ನ ಮುಟ್ಟೋದು ಬೇಡ."

ಕಾಲಿಗೆ ಬುದ್ಧಿ ಹೇಳೋಣವೆಂದರೆ ನನ್ನದು ಕೇಳುವ ಕಾಲಲ್ಲ. ಆದರೆ ಅವಕ್ಕೆ ಏನೋ ತಿಳಿದ ಹಾಗೆ, ಎರಡೂ ತಾವಾಗಿಯೇ ನಡುಗಿ ಕುರ್ಚಿಯ ಪಾದದ ತಗಡನ್ನು ಟಕಟಕ ಬಡಿದವು. ಇಂಥ ಸೆಳೆತ ನಮಗೆಲ್ಲ ಬರುತ್ತಿರುತ್ತದೆ. ದೊಡ್ಡ ಸಿಸ್ಟರ್ ತಿರುಗಿ ನೋಡಿದರು. "ಏನು ರೇಡಿಯೊ, ಇವತ್ತು ಸ್ಟೇಷನ್ ಸಿಗ್ತಿಲ್ವಾ?"

ಸಿಗಲಿಲ್ಲ. ಬಾಗಿಲ ಮೇಲೆ ನಿಯಮಗಳ ಫಲಕ ಇತ್ತು. ಐದನೆಯದು: ಶುಶ್ರೂಷೆಗೆ ಅಡ್ಡಿ ಮಾಡುವವರನ್ನು ಅಂದೇ ಮನೆಗೆ ಕಳುಹಿಸಲಾಗುವುದು. ಮನೆ ಎಂದರೆ ಅಣ್ಣನ ಮನೆ, ಮೂರನೇ ಮಹಡಿ, ಲಿಫ್ಟಿಲ್ಲ. ಹಲಗೆಯ ಮೇಲೆ ಒಮ್ಮೆ ಜಾರಿದ ವಿದ್ಯೆ ಹಿಡಿದು ಅಲ್ಲಿಗೆ ಹೋದರೆ ಅತ್ತಿಗೆ ನನ್ನನ್ನು ಎತ್ತುವುದೋ, ಮೂತ್ರದ ಚೀಲ ಖಾಲಿ ಮಾಡುವುದೋ?

ಭಾನುವಾರವಿಡೀ ಕುರ್ಚಿಯನ್ನು ಕಿಟಕಿಗೆ ಒಯ್ದೆ, ಬಾಗಿಲಿಗೆ ತಂದೆ, ಮತ್ತೆ ಕಿಟಕಿಗೆ ಒಯ್ದೆ.

"ಚಕ್ರ ಸವೆಸ್ತೀಯ, ಕೂತ್ಕೊಳೋ ಒಂದು ಕಡೆ" ಎಂದರು ಮಾವ.

"ಕೂತೇ ಇದೀನಲ್ಲ ಮಾವ."

ಅವರು ಮನೆಗೆ, ಹೆಂಡತಿಗೆ ಫೋನ್ ಮಾಡಿ ಗಾಡಿ ಬೇಡವೆಂದರು. "ನಂದೇ ತಪ್ಪು. ಪೆನ್ಸಿಲ್ ಮೇಲೆ ಮಲಗಿದೀನಿ. ಬಡಗಿ ಅಂತ ಹೇಳ್ಕೊಳಕ್ಕೇ ನಾಚಿಕೆ." ಆಮೇಲೆ ಪೆನ್ಸಿಲ್ಲನ್ನು ಮೇಜಿನ ಖಾನೆಯಲ್ಲಿ ಹಾಕಿ ದೂಡಿದರು.

ಸಂಜೆ ಆರರ ಮಗ್ಗುಲಿಗೆ ಆಯಮ್ಮ ಬಂದು ನನ್ನ ಹಾಸನ್ನು ಒಂದಲ್ಲ, ಮೂರು ಸಲ ಸವರಿದರು. ಮುಗಿಸಿ ಅಲ್ಲೇ ನಿಂತರು.

"ನನ್ನ ತಲೇಲೇ ಏನೋ ಆಗಿದೆ ಕಣಪ್ಪ. ಸಿಸ್ಟರ್ ಹೇಳಿದ್ದು ಈ ಕಿವಿಯಲ್ಲೇ ಕೇಳ್ದೆ. ಅವರು ಅಲ್ಲಿರಲೇ ಇಲ್ವಂತೆ. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು, ಯಾರೋ ಕರೆದಂಗೆ ಆಗೋದು. ಡಾಕ್ಟರಿಗೆ ತೋರಿಸು ಅಂತಾಳೆ ಮಗಳು."

ಒಗೆಯೋ ಕಡೆ ಹೋಗುವುದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಹೊತ್ತಿಗಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ವಾರ್ಡಿಗೆ ಬಂದಾಗಿನಿಂದ ಮುಚ್ಚದ ಬಾಯಿ.

ಸೋಮವಾರ ಬೆಳಿಗ್ಗೆ ದೊಡ್ಡ ಸಿಸ್ಟರ್ ಬಂದು ಮಾವನ ಸೊಂಟಕ್ಕೆ ಬೆರಳೊತ್ತಿದರು. ಅಂಚು ತಿಳಿಯಾಗಿತ್ತು, ನಡು ಇನ್ನೂ ಕೆಂಪು. ಉಗ್ರಾಣದಲ್ಲಿ ಆಯಮ್ಮ ದಿಂಬಿನ ಲೆಕ್ಕ ಒಪ್ಪಿಸಲು ಜೋಡಿಸುತ್ತಿದ್ದರು.

"ಸಿಸ್ಟರ್, ಶನಿವಾರ ಕೂಗಿದ್ದು ನಾನು" ಎಂದೆ.

ಅವರು ತಲೆಯೆತ್ತಲಿಲ್ಲ. "ಆಯಮ್ಮನ ಮೇಲೆ ನಿಮಗೆಲ್ಲ ಪ್ರೀತಿ, ಗೊತ್ತು. ಅದಕ್ಕೆ ಸುಳ್ಳು ಹೇಳಬೇಡ. ಆಯಮ್ಮ ಹದಿನಾಲ್ಕು ವರ್ಷದಿಂದ ನನ್ನ ಗಂಟಲು ಕೇಳ್ತಿದಾರೆ. ನಿನ್ನ ಕೋತಿಯಾಟಕ್ಕೆ ಮೋಸ ಹೋಗ್ತಾರಾ?"

ಜೀವಮಾನದಲ್ಲಿ ಮೊದಲ ಸಲ ನಿಜ ಹೇಳಿದರೆ ಅದೇ ಮಿಮಿಕ್ರಿ ಅನ್ನಿಸಿಕೊಂಡಿತು. ಬೇರೆ ದಾರಿ ಇರಲಿಲ್ಲ. ಹೊದಿಕೆಯ ಅಂಚನ್ನು ಬಾಯಿಗೆ ಹಿಡಿದೆ.

"ಆಯಮ್ಮಾ... ಲೆಕ್ಕ ಆಮೇಲಿರಲಿ. ನೀಲಿ ಹೊದಿಕೆ ದಿಂಬು ನಾಲ್ಕು ತನ್ನಿ."

"ಆಯ್ತು ಸಿಸ್ಟರ್" ಎಂದಿತು ಉಗ್ರಾಣ.

ದೊಡ್ಡ ಸಿಸ್ಟರ್ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಕೈ ತಾನಾಗಿ ಗಂಟಲಿಗೆ ಹೋಯಿತು, ಅಲ್ಲಿ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ಹಾಗೆ. ನಾಲ್ಕು ನೀಲಿ ದಿಂಬು ಅಪ್ಪಿಕೊಂಡು ಆಯಮ್ಮ ಬಂದರು. ಸಿಸ್ಟರ ಮುಖ ನೋಡಿದರು, ನನ್ನ ಬಾಯಿಯ ಹೊದಿಕೆ ನೋಡಿದರು. ದಿಂಬುಗಳನ್ನು ಒಂದೊಂದಾಗಿ ನನ್ನ ತೊಡೆಯ ಮೇಲೆ ಇಟ್ಟರು.

"ಹಾಗಾದ್ರೆ ನನ್ನ ತಲೆ ಸರಿಯಿದೆ" ಎಂದರು. ಹೊರಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದರು.

ಮಾವ ಗೋಡೆಯ ಕಡೆ ನೋಡುತ್ತಿದ್ದರು. "ಎರಡು ದಿನದಿಂದ ಆ ಪೆನ್ಸಿಲ್ಲನ್ನ ಬೈತಿದೀನಲ್ಲೋ" ಎಂದರು.

ನಾನು ಐದನೇ ನಿಯಮದತ್ತ ನೋಡಿದೆ. ದೊಡ್ಡ ಸಿಸ್ಟರೂ ನೋಡಿದರು.

"ಕಳಿಸೋದು ಸುಲಭ" ಎಂದರು. "ಮೂರನೇ ಮಹಡೀಲಿ ನಿಂಗೂ ಒಂದು ಗಾಯ ಆಗತ್ತೆ, ಮತ್ತೆ ನನ್ನ ಹತ್ರಾನೇ ಬರ್ತೀಯ. ಆಯಮ್ಮ ಎಲ್ಲೂ ಹೋಗಲ್ಲ. ಮಧ್ಯಾಹ್ನ ಎರಡರ ಕೂಗು ಇವತ್ತಿಂದ ನಿಂದು. ಕೂಗಿ, ಪ್ರತಿ ಮಂಚಕ್ಕೂ ಹೋಗಿ, ನೋಡಿ, ಆಮೇಲೆ ಗೆರೆ. ನನ್ನ ಗಂಟಲಲ್ಲಿ ಕೂಗಿದ್ಯೋ, ಆಗ ಐದನೇ ನಿಯಮ."

ಎರಡಕ್ಕೆ ಐದು ನಿಮಿಷವಿರುವಾಗಲೇ ಕಾರಿಡಾರಿಗೆ ಹೋಗಿ ನಿಂತೆ, ಅಂದರೆ ಕೂತೆ. ಬಾಯಿ ತೆರೆದರೆ ಮೊದಲು ಕಸರತ್ತು ಮೇಷ್ಟ್ರ ಧ್ವನಿ ಬಂತು, ನುಂಗಿದೆ. ಆಮೇಲೆ ಡಾಕ್ಟರ ಕೆಮ್ಮು. ನನ್ನದು ಯಾವುದೆಂದು ಹುಡುಕುವಷ್ಟರಲ್ಲಿ ಮುಳ್ಳು ಎರಡು ದಾಟಿತು. ಕೊನೆಗೆ ಸಣಕಲಾದ ಏನೋ ಒಂದು ಹೊರಬಿತ್ತು.

"ಮಗ್ಗುಲು."

ಯಾರೂ ಅಲ್ಲಾಡಲಿಲ್ಲ. ಮೂರನೇ ಮಂಚದವರು "ಯಾರಪ್ಪ ಅದು, ನೀರಿನ ಕ್ಯಾನ್ ತಂದೋನಾ? ಅಲ್ಲೇ ಇಡು" ಅಂದರು. ಮತ್ತೆ ಕೂಗಿದೆ, ಇನ್ನೂ ಸ್ವಲ್ಪ ಜೋರಾಗಿ. ಕಂಬಿಗಳು ಕಿರುಗುಟ್ಟಿದವು, ವಾರ್ಡು ಹೊರಳಿತು. ಒಂದೊಂದೇ ಮಂಚಕ್ಕೆ ಹೋಗಿ ಹಾಸು ಸವರುತ್ತಾ ಬಂದೆ. ಎಂಟನೆಯವರು ಮಾತ್ರ ಬಲಮಗ್ಗುಲಲ್ಲೇ ಇದ್ದರು. ನಿದ್ದೆಯಲ್ಲ, ಕಣ್ಣು ತೆರೆದಿತ್ತು.

"ಮಾವ. ಮಗ್ಗುಲು."

"ಕೇಳಿಸ್ತು. ಯಾರ ಧ್ವನಿ ಅಂತ ಯೋಚಿಸ್ತಿದ್ದೆ."

"ನಂದೇ."

"ಚೆನ್ನಾಗಿಲ್ಲ" ಎಂದರು ಮಾವ. ಕಂಬಿಯತ್ತ ಕೈ ಚಾಚಿ, "ಇನ್ನೊಂದು ಸಲ ಕೂಗು" ಎಂದರು.

ಕೂಗಿದೆ. ಅವರು ಕಂಬಿ ಹಿಡಿದು ಅಂಗಾತವಾದರು. ಅವರು ಬಿಟ್ಟ ಜಾಗ ಬೆಚ್ಚಗಿತ್ತು. ಅಂಗೈ ಸವರಿದೆ. ಒಂದು ಮಡಿಕೆ ಸಿಕ್ಕಿತು, ಎಳೆದು ನೇರ ಮಾಡಿದೆ. ಮತ್ತೆ ಸವರಿದೆ.

"ಸಾಕು, ಬಣ್ಣ ಹೋಗತ್ತೆ" ಎಂದರು. "ಗುರುವಾರ ಆಗಬಹುದು ಅಂದ್ರು ಸಿಸ್ಟರ್. ಆ ದಡ್ಡ ಬಾಮೈದ ಬಾಗಿಲನ್ನ ಒಳಗಡೆಗೇ ಕೂರಿಸಿದಾನಂತೆ. ಬಿಚ್ಚಿ ತಿರುಗಿಸಿ ಕೂರಿಸೋಕೆ ಹೇಳಿದೀನಿ. ಅದಕ್ಕೆ ಮೂರು ದಿನ ಸಿಕ್ಕಿದ್ದು ನಿನ್ನ ಪುಣ್ಯ ಅಂದ್ಕೋಬೇಡ."

"ಇಲ್ಲ ಮಾವ."

ಖಾನೆ ಎಳೆದು ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು. "ಗುರುವಾರದವರೆಗೂ ನಿನ್ನ ಹತ್ರಾನೇ ಇರಲಿ."

ನಾನು ಅದನ್ನು ಕಿವಿಗೆ ಸಿಕ್ಕಿಸಿಕೊಂಡೆ. ಕೂರಲಿಲ್ಲ, ಜೇಬಿಗೆ ಹಾಕಿದೆ. ಮೇಲಿನ ಜೇಬಿಗೆ.

"ನಾಲ್ಕಕ್ಕೆ ಕೂಗೋದು ಯಾರು?"

"ದೊಡ್ಡ ಸಿಸ್ಟರ್."

"ನಿಜವಾದವರೇನಾ?"

ಪಟ್ಟಿಗೆ ಹನ್ನೆರಡು ಗೆರೆ ಎಳೆಯಲು ಹೊರಟಿದ್ದವನು ನಿಂತೆ. ಮಾವನ ಮುಖದಲ್ಲಿ ನಗುವಿರಲಿಲ್ಲ. ಕೇಳಿ ತಿಳಿದುಕೊಳ್ಳಲೆಂದೇ ಕೇಳಿದ್ದರು.

"ನಿಜವಾದವರೇ ಮಾವ" ಎಂದೆ, ನನ್ನ ಸಣಕಲು ಧ್ವನಿಯಲ್ಲೇ.