ಗಿಡಗಳಿಗೆ ಸುದ್ದಿ

"ನಿಲ್ಲಿ, ನಿಲ್ಲಿ! ಹೊಸಿಲು ದಾಟ್ಬೇಡಿ!"

ರೆಗೀನಾ ಲಂಗ ಎತ್ತಿ ಹಿಡಿದು ಅಂಗಳದಿಂದ ಓಡಿಬಂದಳು. ಅಪ್ಪ, ಕಪ್ತಾನ ಮೆಲ್ಕಿಯೋರನ ಶವಪೆಟ್ಟಿಗೆ ಬಾಗಿಲ ಒಳಗೇ ನಿಂತಿತು. ಹೊತ್ತವರು ಆರು ಜನ, ಅವನ ಹಳೇ ಸಿಪಾಯಿಗಳು. ಯುದ್ಧ ಮುಗಿದ ಮೇಲೆ ಅವನ ಹಿಂದೆಯೇ ಡ್ಯೂಕನ ಸಸಿತೋಟಕ್ಕೆ ಬಂದು ಮಾಲಿಗಳಾದವರು.

"ಗಿಡಗಳಿಗೆ ಯಾರಾದ್ರೂ ಹೇಳಿದ್ರಾ?"

ಯಜಮಾನ ಸತ್ತರೆ ಹೆಣ ಹೊಸಿಲು ದಾಟುವ ಮೊದಲೇ ಗಿಡಗಳಿಗೆ ಸುದ್ದಿ ಮುಟ್ಟಬೇಕು, ಹೊಸ ಯಜಮಾನ ಯಾರೆಂದೂ ಹೇಳಬೇಕು. ಇಲ್ಲದಿದ್ದರೆ ಅವೂ ಅವನ ಹಿಂದೆಯೇ ಒಣಗುತ್ತವೆ. ಆ ಸೀಮೆಯ ಕೂಸಿಗೂ ಗೊತ್ತಿದ್ದ ಮಾತು.

"ಅದು ಮಗ ಹೇಳ್ಬೇಕಾದ್ದು ತಾಯಿ," ಎಂದ ಮುಂದೆ ಹೆಗಲು ಕೊಟ್ಟಿದ್ದ ಯೋಸ್ಟ್.

"ಅಣ್ಣ ಗಡಿ ದಾಟಿ ಬಂದ್ರೆ ಡ್ಯೂಕ್ ಸೆರೆಮನೆಗೆ ಹಾಕ್ತಾನೆ. ಪಲ್ಟನ್ ಬಿಟ್ಟು ಓಡಿಹೋದೋನು."

"ಊರೂರಲ್ಲಿ ನಿಮ್ಮಣ್ಣಾವ್ರು ಬರೆದ ನಾಟಕಕ್ಕೆ ಜನ ಮುಗಿಬೀಳ್ತಾರಂತೆ," ಹಿಂದಿನಿಂದ ದಢಿಯ ಬಾರ್ಟೆಲ್ ಗೊಣಗಿದ. "ಅಪ್ಪನ ಗಿಡಕ್ಕೆ ಒಂದ್ ಮಾತಿಲ್ಲ!"

"ನೀನು ಮೊದ್ಲು ಹೆಜ್ಜೆ ಸರಿ ಹಾಕೋ. ಮೂವತ್ತು ವರ್ಷದಿಂದ ಎಡಗಾಲು ಅಂದ್ರೆ ನಿಂದು ಬಲಗಾಲೇ ಮುಂದೆ!" ಯೋಸ್ಟ್ ಗದರಿದ.

"ನಾನೇ ಹೇಳ್ತೀನಿ," ಎಂದಳು ರೆಗೀನಾ.

"ಹೆಣ್ಮಕ್ಕಳ ಮಾತು ಗಿಡ ಕೇಳ್ತವಾ ತಾಯಿ?" ಎಂದ ಯೋಸ್ಟ್.

ಪಾದ್ರಿ ಕೆಮ್ಮಿದರು. "ಇನ್ನೇನು ಗಂಟೆ ಹೊಡೀತಾರಮ್ಮ, ಹೊಡೆದ್ರೆ ಹೊರಡ್ಲೇಬೇಕು."

*

ಅಣ್ಣ ಓಡಿಹೋದ ಮರುವರ್ಷದ ವಸಂತ. ಅಪ್ಪ ದಿನಾ ಬೆಳಿಗ್ಗೆ ಸೇಬಿನ ಸಸಿಗಳ ಮುಂದೆ ಎದೆಯುಬ್ಬಿಸಿ ನಿಂತು, "ಸಾಲು, ಹುಷಾರ್!" ಎಂದು ಪಲ್ಟನ್ನಿಗೆ ಅಪ್ಪಣೆ ಕೊಡುವಂತೆ ಗುಡುಗುತ್ತಿದ್ದ.

ರೆಗೀನಾ ನಕ್ಕಳು. "ಅವಕ್ಕೆ ಕೇಳ್ಸುತ್ತಾ ಅಪ್ಪಾ?"

"ಸಿಪಾಯಿಗಳಿಗಿಂತ ವಾಸಿ. ಇವು ಓಡಿಹೋಗಲ್ಲ."

ಅಂದವನೇ ಕಸಿ ಕಟ್ಟುವ ಚಾಕುವನ್ನು ಅವಳ ಕೈಗಿತ್ತ. "ತಗೋ. ನಿಮ್ಮಣ್ಣನ ದನಿ ಊರೆಲ್ಲಾ ಕೇಳ್ತಾ ಇದೆ. ನಿಂದು ಇನ್ನೂ ನಾನೇ ಕೇಳಿಲ್ಲ."

*

ಸಸಿತೋಟದ ಬೇಲಿಯ ಬಳಿ ಅವಳು ಬಾಯ್ದೆರೆದಳು. "ಯಜಮಾನ್ರು ಹೋದ್ರು..."

ಒಂದು ಎಲೆಯೂ ಅಲುಗಲಿಲ್ಲ.

"ಗಿಡಕ್ಕೆ ಕಿವಿ ಕಚ್ಚಿ ಹೇಳ್ತಾ ಇದ್ದಾರಾ?" ಬಾಗಿಲೊಳಗಿನಿಂದ ಬಾರ್ಟೆಲ್ ಕೂಗಿದ. ಅಂಗಳದಲ್ಲಿ ನೆರೆದವರು ನಗುವಿಗೂ ಅಳುವಿಗೂ ನಡುವೆ ಸಿಕ್ಕಿಬಿದ್ದರು. ಇಗರ್ಜಿಯ ಗಂಟೆ ಮೊಳಗಿತು. ಪೆಟ್ಟಿಗೆ ಹೆಗಲ ಮೇಲೆ ತೂಗಾಡಿತು.

"ಹೊಟ್ಟೆಯಿಂದ ಕೂಗೇ!" ನೆರೆದವರ ನಡುವೆ ಅಮ್ಮ ಊರುಗೋಲಿನಿಂದ ನೆಲ ಕುಟ್ಟಿದಳು. "ನಿಮ್ಮಪ್ಪನ ಹೊಟ್ಟೆಯಲ್ವೇನೇ ನಿಂದು!"

ರೆಗೀನಾ ಗೊಬ್ಬರದ ತಳ್ಳುಗಾಡಿಯ ಮೇಲೆ ಹತ್ತಿ ನಿಂತಳು. ಎದುರಿಗೆ ಸೇಬು, ಪಿಯರ್, ಚೆರ್ರಿ, ಬೆಟ್ಟದ ಅಂಚಿನವರೆಗೆ ಸಾಲು ಸಾಲು. ಎದೆ ತುಂಬ ಗಾಳಿ ಎಳೆದುಕೊಂಡಳು.

"ಸಾಲು, ಹುಷಾರ್! ನಿಮ್ಮ ಯಜಮಾನ ತೀರ್ಕೊಂಡ! ಇನ್ಮೇಲೆ ನಾನು!"

ಕಾಡಿನ ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ಬಾಗಿಲಲ್ಲಿ ಆರು ಜೊತೆ ಹಿಮ್ಮಡಿಗಳು ಟಕ್ಕೆಂದು ಕೂಡಿಕೊಂಡವು. ಯಾರ ಅಪ್ಪಣೆಯೂ ಇಲ್ಲದೆ ಆರು ಎಡಗಾಲುಗಳು, ಬಾರ್ಟೆಲನದೂ ಸೇರಿ, ಒಟ್ಟಿಗೆ ಹೊಸಿಲು ದಾಟಿದವು.